ಸಂತೆಯಲ್ಲಿ ನಾಚಿಕೆ ಯಾಕೆ? ಪದ ಹಿಡಿದು ಕವಿತೆಯ ಒಳಗೆ ಹೋಗುವ ಬಗೆ

ಅಕ್ಕಮಹಾದೇವಿಯ ಈ ವಚನ ನಮ್ಮಲ್ಲಿ ಹೆಚ್ಚಿನವರಿಗೆ ಬಾಯಿಪಾಠ. ಶಾಲೆಯಲ್ಲಿ ಕಲಿತಿರುತ್ತೇವೆ, ಇಲ್ಲವೇ ಯಾರದೋ ಭಾಷಣದಲ್ಲಿ ಕೇಳಿರುತ್ತೇವೆ.

ಬೆಟ್ಟದ ಮೇಲೊಂದು ಮನೆಯ ಮಾಡಿ
ಮೃಗಗಳಿಗಂಜಿದೊಡೆಂತಯ್ಯಾ?
ಸಮುದ್ರದ ತಡಿಯಲೊಂದು ಮನೆಯ ಮಾಡಿ
ನೊರೆತೆರೆಗಳಿಗಂಜಿದೊಡೆಂತಯ್ಯಾ?
ಸಂತೆಯೊಳಗೊಂದು ಮನೆಯ ಮಾಡಿ
ಶಬ್ದಕ್ಕೆ ನಾಚಿದೊಡೆಂತಯ್ಯಾ?
ಚೆನ್ನಮಲ್ಲಿಕಾರ್ಜುನದೇವ ಕೇಳಯ್ಯಾ,
ಲೋಕದೊಳಗೆ ಹುಟ್ಟಿದ ಬಳಿಕ
ಸ್ತುತಿ ನಿಂದೆಗಳು ಬಂದಡೆ
ಮನದಲ್ಲಿ ಕೋಪವ ತಾಳದೆ ಸಮಾಧಾನಿಯಾಗಿರಬೇಕು.

ಅರ್ಥ ಕೇಳಿದರೆ ನಾನು ಒಂದೇ ಸಾಲಲ್ಲಿ ಮುಗಿಸುತ್ತಿದ್ದೆ: ಜನ ಏನಾದರೂ ಅನ್ನಲಿ, ತಲೆ ಕೆಡಿಸಿಕೊಳ್ಳಬಾರದು. ತಪ್ಪೇನಲ್ಲ. ಒಂದು ಸಂಜೆ ಪಕ್ಕದ ಮನೆಯ ಹುಡುಗಿಗೆ ಪರೀಕ್ಷೆಗೆ ಓದಿಸುತ್ತಿದ್ದೆ. ಅವಳು ತಲೆ ಎತ್ತಿ ಕೇಳಿದಳು: "ಆಂಟಿ, ಶಬ್ದಕ್ಕೆ ಯಾರಾದ್ರೂ ನಾಚ್ತಾರಾ? ಕಿವಿ ಮುಚ್ಕೋತಾರೆ ಅಲ್ವಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅಷ್ಟು ವರ್ಷ ಹೇಳಿಕೊಂಡು ಬಂದ ವಚನದಲ್ಲಿ ಆ ಪದವನ್ನು ನಾನು ನೋಡಿಯೇ ಇರಲಿಲ್ಲ. ಅವತ್ತಿನಿಂದ ನಾನು ಕವಿತೆ ಓದುವ ರೀತಿ ಬದಲಾಯಿತು. ಅದನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ. ಒಂದು ಪೆನ್ಸಿಲ್, ಒಂದು ಹಾಳೆ ಇದ್ದರೆ ಸಾಕು.

ಮೊದಲ ಹೆಜ್ಜೆ: ಕೈಯಲ್ಲಿ ಬರೆದುಕೊಳ್ಳಿ, ಬಾಯಲ್ಲಿ ಓದಿ

ಟಿಪ್ಪಣಿ, ಭಾವಾರ್ಥ, ಗೈಡು ಎಲ್ಲವನ್ನೂ ಪಕ್ಕಕ್ಕಿಡಿ. ಕವಿತೆಯನ್ನು ನಿಮ್ಮ ಕೈಯಲ್ಲೇ ಹಾಳೆಗೆ ಇಳಿಸಿ. ಫೋನಿನಲ್ಲಿ ಓದಿದರೆ ಕಣ್ಣು ಜಾರಿ ಹೋಗುತ್ತದೆ, ಬರೆಯುವಾಗ ಕೈ ನಿಲ್ಲಲೇಬೇಕು. ಆಮೇಲೆ ಎರಡು ಸಲ ಜೋರಾಗಿ ಓದಿ. ನಮ್ಮ ಹಳೆಯ ಕವಿತೆಗಳಲ್ಲಿ ಮುಕ್ಕಾಲು ಪಾಲು ಕಿವಿಗಾಗಿಯೇ ಹುಟ್ಟಿದವು.

ಎರಡನೇ ಹೆಜ್ಜೆ: ಎಲ್ಲಿ ಎಡವಿದಿರಿ?

ಹೆಚ್ಚಿನವರು ಕಷ್ಟದ ಪದಗಳ ಕೆಳಗೆ ಗೆರೆ ಹಾಕುತ್ತಾರೆ. ನಾನು ಹೇಳುವುದು ಅದಲ್ಲ. ಅರ್ಥ ಗೊತ್ತಿದ್ದೂ 'ಇದ್ಯಾಕೆ ಇಲ್ಲಿ ಬಂತು' ಅನ್ನಿಸುವ ಪದಕ್ಕೆ ಗೆರೆ ಹಾಕಿ.

ಅಕ್ಕನ ವಚನಕ್ಕೇ ಬನ್ನಿ. ಬೆಟ್ಟದಲ್ಲಿ ಅಂಜಿಕೆ. ಸಮುದ್ರದ ಬಳಿ ಅಂಜಿಕೆ. ಮೂರನೆಯದರಲ್ಲೂ 'ಶಬ್ದಕ್ಕಂಜಿದೊಡೆಂತಯ್ಯಾ' ಅಂದಿದ್ದರೆ ಲಯಕ್ಕೆ ಏನೂ ಧಕ್ಕೆ ಇರಲಿಲ್ಲ, ಇನ್ನೂ ಸಲೀಸಾಗಿಯೇ ಇರುತ್ತಿತ್ತು. ಆದರೂ ಅಲ್ಲಿ 'ನಾಚಿದೊಡೆ' ಬಂದಿದೆ. ಭಯ ಎರಡು ಸಲ, ಮೂರನೇ ಸಲ ನಾಚಿಕೆ.

ಮೃಗಕ್ಕೂ ತೆರೆಗೂ ಅಂಜುವುದು ಜೀವದ ಭಯ. ನಾಚಿಕೆ ಹುಟ್ಟಬೇಕಾದರೆ ನೋಡುವ ಕಣ್ಣು ಬೇಕು, ಆಡಿಕೊಳ್ಳುವ ಬಾಯಿ ಬೇಕು. ಸಂತೆಯಲ್ಲಿ ಮಾತ್ರ ಅವೆರಡೂ ಇವೆ. ಅರಮನೆ ಬಿಟ್ಟು, ಉಟ್ಟ ಬಟ್ಟೆ ಬಿಟ್ಟು, ಕೂದಲನ್ನೇ ಹೊದ್ದು ಹೊರಟವಳು ಅಕ್ಕ ಅಂತ ನಮ್ಮ ಪರಂಪರೆ ಹೇಳುತ್ತದೆ. ಅಂಥವಳ ಬಾಯಲ್ಲಿ 'ನಾಚಿದೊಡೆ' ಅನ್ನುವ ಪದ ಬಂದರೆ ಅದು ಸುಮ್ನೆ ಬಂದದ್ದಲ್ಲ. ದಾರಿಯುದ್ದಕ್ಕೂ ಅವಳನ್ನು ನೋಡಿ ಜನ ಏನು ಅಂದಿರಬಹುದು ಅನ್ನುವುದು ಆ ಒಂದು ಕ್ರಿಯಾಪದದಲ್ಲಿ ಕೂತಿದೆ. ವಚನದಲ್ಲಿ ಎಲ್ಲೂ ಅದರ ಸುದ್ದಿ ಇಲ್ಲ.

ಈಗ ಅದರ ಹಿಂದಿನ ಪದ ನೋಡಿ: 'ಶಬ್ದಕ್ಕೆ'. ಮಾತಿಗೆ ಅನ್ನಲಿಲ್ಲ, ಚಾಡಿಗೆ ಅನ್ನಲಿಲ್ಲ. ಮಾತಿಗೆ ಅರ್ಥ ಇರುತ್ತದೆ. ಶಬ್ದ ಅಂದರೆ ಬರೀ ಸದ್ದು, ತೆರೆ ಬಡಿದ ಹಾಗೆ. ಜನರ ಮಾತನ್ನು ಅವಳು ಒಂದೇ ಪದದಲ್ಲಿ ಸದ್ದಿನ ಮಟ್ಟಕ್ಕೆ ಇಳಿಸಿಬಿಟ್ಟಳು. ಕೊನೆಯಲ್ಲಿ 'ಸ್ತುತಿ ನಿಂದೆ' ಅಂತ ಎರಡನ್ನೂ ಒಟ್ಟಿಗೆ ತರುತ್ತಾಳೆ. ನಾವಾಗಿದ್ದರೆ ನಿಂದೆಯನ್ನಷ್ಟೇ ಹೇಳುತ್ತಿದ್ದೆವು. ಅವಳ ಲೆಕ್ಕದಲ್ಲಿ ಹೊಗಳಿಕೆಯೂ ಸಂತೆಯ ಸದ್ದೇ.

ಇನ್ನೊಂದು ಪದ ನನ್ನ ಕಣ್ಣಿಗೆ ಬೀಳಲು ತುಂಬಾ ದಿನ ಬೇಕಾಯಿತು. 'ಸಂತೆ'. ಬೆಟ್ಟ, ಸಮುದ್ರ ಯಾವತ್ತೂ ಇರುತ್ತವೆ. ಸಂತೆ ಸೇರುತ್ತದೆ, ಸಂಜೆಗೆ ಚದುರುತ್ತದೆ. ಸಂತೆಯಲ್ಲಿ ಯಾರಾದರೂ ಮನೆ ಕಟ್ಟುತ್ತಾರಾ? ಮೂರು ಸಲ 'ಮನೆಯ ಮಾಡಿ' ಅಂದವಳು ನಾಲ್ಕನೇ ಸಲ, ಲೋಕದ ವಿಷಯ ಬಂದಾಗ, ಕ್ರಿಯಾಪದವನ್ನೇ ಬದಲಿಸುತ್ತಾಳೆ: 'ಹುಟ್ಟಿದ ಬಳಿಕ'. ಮನೆ ಮಾಡುವುದು ನಮ್ಮ ಆಯ್ಕೆ. ಹುಟ್ಟುವುದು ಅಲ್ಲವಲ್ಲ.

ಹುಡುಗಿಗೆ ಮರುದಿನ ಇದನ್ನೆಲ್ಲ ಹೇಳಿದೆ. "ಪರೀಕ್ಷೆಯಲ್ಲಿ ಇಷ್ಟೆಲ್ಲ ಬರೆಯೋಕೆ ಜಾಗ ಇರಲ್ಲ ಆಂಟಿ" ಅಂದಳು.

ಮೂರನೇ ಹೆಜ್ಜೆ: ಆ ಪದ ತೆಗೆದು ಪಕ್ಕದ ಪದ ಇಟ್ಟು ನೋಡಿ

ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದ ಉಪಾಯ ಇದೇ. ಗೆರೆ ಹಾಕಿದ ಪದಕ್ಕೆ ಹತ್ತಿರದ ಅರ್ಥ ಕೊಡುವ ಇನ್ನೊಂದೆರಡು ಪದ ಹಾಳೆಯ ಪಕ್ಕದಲ್ಲಿ ಬರೆಯಿರಿ. ಒಂದೊಂದನ್ನೇ ಕವಿತೆಯೊಳಗೆ ಇಟ್ಟು ಓದಿ. ಏನು ಕಳೆದುಹೋಯಿತು ಅಂತ ಕೇಳಿಕೊಳ್ಳಿ. ಕಳೆದುಹೋದದ್ದೇ ಒಳ ಅರ್ಥ.

ಬಸವಣ್ಣನ ವಚನದಲ್ಲಿ ಮಾಡಿ ನೋಡೋಣ.

ಉಳ್ಳವರು ಶಿವಾಲಯವ ಮಾಡುವರು,
ನಾನೇನ ಮಾಡುವೆ? ಬಡವನಯ್ಯಾ.
ಎನ್ನ ಕಾಲೇ ಕಂಬ, ದೇಹವೇ ದೇಗುಲ,
ಶಿರವೇ ಹೊನ್ನ ಕಳಶವಯ್ಯಾ.
ಕೂಡಲಸಂಗಮದೇವಾ ಕೇಳಯ್ಯಾ,
ಸ್ಥಾವರಕ್ಕಳಿವುಂಟು, ಜಂಗಮಕ್ಕಳಿವಿಲ್ಲ.

'ಉಳ್ಳವರು' ತೆಗೆದು 'ಸಿರಿವಂತರು' ಇಡಿ. ಸಿರಿವಂತರು ಅಂದರೆ ಹೊಗಳಿದಂತೆ ಕೇಳುತ್ತದೆ, ಸಿರಿ ಅನ್ನುವುದೇ ಚಂದದ ಮಾತು. ಉಳ್ಳವರು ಅಂದರೆ ಬರೀ 'ಇರುವವರು'. ಏನು ಇದೆ ಅಂತಲೂ ಹೇಳಿಲ್ಲ. ಊರಲ್ಲಿ ಈಗಲೂ 'ಅವ್ರು ಇರೋರು ಬಿಡಪ್ಪ' ಅನ್ನುವಾಗ ದನಿಯಲ್ಲಿ ಒಂದು ಚೂರು ಕೊಂಕು ಇರುತ್ತದಲ್ಲ, ನನಗೆ ಅದೇ ಕೇಳುತ್ತದೆ.

ಆಮೇಲೆ 'ಮಾಡು' ಅನ್ನುವ ಪದದ ಹಿಂದೆ ಹೋಗಿ. ಮೊದಲ ಎರಡು ಸಾಲಿನಲ್ಲಿ ಮಾಡುವರು, ಮಾಡುವೆ. ಮೂರನೇ ಸಾಲಿಗೆ ಬಂದರೆ ಕ್ರಿಯಾಪದವೇ ಮಾಯ. ಕಾಲೇ ಕಂಬ, ಅಷ್ಟೇ. 'ಕಾಲನ್ನು ಕಂಬ ಮಾಡುವೆ' ಅಂತ ಬರೆದು ನೋಡಿ, ವಚನ ಕುಸಿದು ಬೀಳುತ್ತದೆ. ಉಳ್ಳವರ ಗುಡಿಯನ್ನು ಮಾಡಬೇಕು, ಬಡವನ ಗುಡಿ ಆಗಲೇ ಇದೆ. ಈ ವಚನಕ್ಕೆ ಎ.ಕೆ. ರಾಮಾನುಜನ್ 1973ರಲ್ಲಿ ಬಂದ ತಮ್ಮ ವಚನಾನುವಾದದ ಮುನ್ನುಡಿಯಲ್ಲಿ ತುಂಬಾ ಜಾಗ ಕೊಟ್ಟಿದ್ದಾರೆ. ಮಾಡುವುದಕ್ಕೂ ಇರುವುದಕ್ಕೂ ಇರುವ ಈ ಅಂತರ ಅವರ ಕಣ್ಣಿಗೂ ಬಿದ್ದಿತ್ತು.

ಇನ್ನು 'ಜಂಗಮ'. ಅದರ ಜಾಗದಲ್ಲಿ 'ಚಲಿಸುವುದಕ್ಕೆ ಅಳಿವಿಲ್ಲ' ಅಂತ ಇಡಿ. ಅರ್ಥ ಸರಿ, ಆದರೆ ಅರ್ಧ ಹೋಯಿತು. ಜಂಗಮ ಅಂದರೆ ಚಲಿಸುವುದು, ಊರಿಂದೂರಿಗೆ ತಿರುಗುವ ಶಿವಶರಣನೂ ಹೌದು. ಕಲ್ಲಿನ ಗುಡಿಗೆ ಎದುರಾಗಿ ಒಂದು ತತ್ವ ಮತ್ತು ಒಬ್ಬ ಮನುಷ್ಯ, ಇಬ್ಬರೂ ಒಂದೇ ಪದದಲ್ಲಿ ನಿಂತಿದ್ದಾರೆ.

ಇಲ್ಲಿ ನಾನು ಒಮ್ಮೆ ಜಾರಿ ಬಿದ್ದಿದ್ದೆ, ಹೇಳಿಬಿಡುತ್ತೇನೆ. ಉಳ್ಳವರದು 'ಶಿವಾಲಯ', ಅಚ್ಚ ಸಂಸ್ಕೃತ. ಬಡವನದು 'ದೇಗುಲ', ದೇವಕುಲ ಅನ್ನುವುದು ಕನ್ನಡದ ಬಾಯಲ್ಲಿ ಸವೆದು ಆದ ಪದ. ಆಹಾ, ಸಂಸ್ಕೃತ ಶ್ರೀಮಂತರಿಗೆ, ತದ್ಭವ ಬಡವರಿಗೆ ಅಂತ ಖುಷಿಯಾಗಿ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಆಮೇಲೆ ನೋಡಿದರೆ 'ದೇಹ', 'ಶಿರ' ಎರಡೂ ಸಂಸ್ಕೃತದವೇ, ಅವು ಬಡವನ ಮೈಗೇ ಅಂಟಿಕೊಂಡಿವೆ. ನನ್ನ ಸೂತ್ರ ಅಲ್ಲಿಗೆ ಮುರಿಯಿತು. ಉಳಿದದ್ದು ಸದ್ದಿನ ಜೋಡಿ: ಕಾಲು-ಕಂಬ, ದೇಹ-ದೇಗುಲ, ಶಿರ-ಕಳಶ. ಮೈಯ ಪದ, ಗುಡಿಯ ಪದ ಎರಡೂ ಒಂದೇ ಅಕ್ಷರ ಹಂಚಿಕೊಂಡಿವೆ. ಮೈಯೇ ಗುಡಿ ಅನ್ನುವುದನ್ನು ಕಿವಿ ಮೊದಲೇ ಒಪ್ಪಿಬಿಟ್ಟಿರುತ್ತದೆ. ಒಂದು ಪದದ ಮೇಲೆ ಕಟ್ಟಿದ ಊಹೆಗೆ ಅದೇ ಕವಿತೆಯ ಇನ್ನೊಂದು ಪದ ಸಾಕ್ಷಿ ಹೇಳಬೇಕು. ಹೇಳದಿದ್ದರೆ ಬಿಟ್ಟುಬಿಡಿ.

ಸಂಸ್ಕೃತ, ಕನ್ನಡ ಅಂದಾಗ ನಯಸೇನ ನೆನಪಾಗುತ್ತಾನೆ. 12ನೇ ಶತಮಾನದ ಈ ಕವಿ ಸುದ್ದಗನ್ನಡದೊಳಗೆ ಸಂಸ್ಕೃತ ತಂದು ಬೆರೆಸುವವರನ್ನು ಗದರಿ, 'ತಕ್ಕುದೆ ಬೆರಸಲ್ಕೆ ಘೃತಮುಮಂ ತೈಲಮುಮಂ' ಅಂತ ಕೇಳುತ್ತಾನೆ. ತುಪ್ಪ, ಎಣ್ಣೆ ಅನ್ನುವ ಕನ್ನಡ ಪದಗಳು ಇದ್ದೇ ಇದ್ದವು. ಬೆರೆಸಬೇಡಿ ಅನ್ನುವ ಸಾಲಿನಲ್ಲೇ ಘೃತ, ತೈಲ ಬೆರೆಸಿ ತೋರಿಸಿದ್ದಾನೆ. ತಮಾಷೆಗೇ ಮಾಡಿದ್ದು ಅಂತ ನನ್ನ ನಂಬಿಕೆ.

ನಾಲ್ಕನೇ ಹೆಜ್ಜೆ: ಪದ ಇದೆ, ಅದರ ಜೋಡಿ ಎಲ್ಲಿ?

ಕೆಲವು ಪದಗಳು ಒಂಟಿಯಾಗಿ ಬರುವುದಿಲ್ಲ. ನೊಗ ಅಂದರೆ ಎತ್ತು, ಹುಟ್ಟು ಅಂದರೆ ದೋಣಿ. ಕವಿ ಜೋಡಿಯಲ್ಲಿ ಒಂದನ್ನು ಹೇಳಿ ಇನ್ನೊಂದನ್ನು ನುಂಗಿಕೊಂಡಿದ್ದಾನಾ ನೋಡಿ.

ಪಂಪ 941ರ ಹೊತ್ತಿಗೆ ವಿಕ್ರಮಾರ್ಜುನ ವಿಜಯ ಬರೆದ. ಅದರಲ್ಲಿ ಅರ್ಜುನನ ತೀರ್ಥಯಾತ್ರೆ ಬನವಾಸಿಗೆ ಬಂದಾಗ ಸಿಗುವ ಪದ್ಯದ ಕೊನೆಯ ಮಾತು ಕನ್ನಡಿಗರಿಗೆಲ್ಲ ಗೊತ್ತು: 'ಆರಂಕುಸಮಿಟ್ಟೊಡಂ ನೆನೆವುದೆನ್ನ ಮನಂ ಬನವಾಸಿದೇಶಮಂ'. ಯಾರು ಅಂಕುಶ ಹಾಕಿದರೂ ನನ್ನ ಮನಸ್ಸು ಬನವಾಸಿಯನ್ನೇ ನೆನೆಯುತ್ತದೆ.

ಅಂಕುಶ ಯಾವುದಕ್ಕೆ ಹಾಕುತ್ತಾರೆ? ಆನೆಗೆ. ಪದ್ಯದಲ್ಲಿ ಆನೆ ಎಲ್ಲೂ ಇಲ್ಲ. ಆದರೆ ಅಂಕುಶ ಬಂದ ಕೂಡಲೇ ಮನಸ್ಸು ಆನೆಯಾಗಿಬಿಟ್ಟಿತು. ಅದೂ ಎಂಥ ಆನೆ? ಹಿಡಿದು ತಂದು ಪಳಗಿಸಿದ ಆನೆ, ಇನ್ನೂ ತನ್ನ ಕಾಡನ್ನು ಮರೆಯದ್ದು. ಅರಸನ ಆಸ್ಥಾನದಲ್ಲಿದ್ದ ಕವಿ ತನ್ನ ಬಗ್ಗೆ ಇದಕ್ಕಿಂತ ಹೆಚ್ಚು ಹೇಗೆ ಹೇಳಬಹುದಿತ್ತು! 'ಯಾರು ತಡೆದರೂ' ಅಂತ ಇಟ್ಟು ನೋಡಿ, ಆನೆಯೂ ಹೋಗುತ್ತದೆ, ಕಾಡೂ ಹೋಗುತ್ತದೆ.

ಪದ್ಯವನ್ನು ಮೊದಲಿಂದ ಓದಿದರೆ ಇನ್ನೊಂದು ಕಾಣುತ್ತದೆ. ತೆಂಕಣ ಗಾಳಿ, ಒಳ್ಳೆಯ ನುಡಿ, ಇಂಪಾದ ಹಾಡು, ಬಿರಿದ ಮಲ್ಲಿಗೆ, ವಸಂತದ ಹಬ್ಬ. ಎಲ್ಲ ಮೆತ್ತನೆಯವು. ಆ ಸಾಲಿನ ಕೊನೆಗೆ ಒಂದೇ ಒಂದು ಕಬ್ಬಿಣದ ವಸ್ತು. ಚುಚ್ಚುತ್ತದೆ.

ತೆಂಕಣ ಗಾಳಿಯ ಬಗ್ಗೆಯೂ ಒಂದು ಮಾತು. ಪಂಪ ಇದ್ದದ್ದು ಈಗಿನ ತೆಲಂಗಾಣದ ವೇಮುಲವಾಡದ ಅರಸ ಅರಿಕೇಸರಿಯ ಬಳಿ. ಬನವಾಸಿ ಅಲ್ಲಿಂದ ದಕ್ಷಿಣದ ಕಡೆಗೇ ಇದೆ. ಹಾಗಾದರೆ ತೆಂಕಣ ಗಾಳಿ ಊರ ಕಡೆಯ ಗಾಳಿ! ನನಗೆ ಈ ಓದು ತುಂಬಾ ಇಷ್ಟ. ಆದರೆ ತೆಂಕಣ ಗಾಳಿ ನಮ್ಮ ಕಾವ್ಯದಲ್ಲಿ ಎಲ್ಲ ಕವಿಗಳೂ ಬೀಸಿಸುವ ಗಾಳಿ, ವಸಂತ ಬಂದರೆ ಅದೂ ಬರಲೇಬೇಕು. ಹಾಗಾಗಿ ಅಂಕುಶದ ಬಗ್ಗೆ ಗಟ್ಟಿಯಾಗಿ ಹೇಳುತ್ತೇನೆ, ಗಾಳಿಯ ಬಗ್ಗೆ ಸ್ವಲ್ಪ ಮೆಲ್ಲಗೆ.

ಐದನೇ ಹೆಜ್ಜೆ: ಯಾರನ್ನು ಯಾವ ಹೆಸರಿಂದ ಕರೆದಿದ್ದಾರೆ?

ಇದು ಚಿಕ್ಕ ಹೆಜ್ಜೆ, ಆದರೆ ಹಳಗನ್ನಡ ಓದುವಾಗ ಬಿಡಬೇಡಿ. ಅಲ್ಲಿ ಒಬ್ಬೊಬ್ಬನಿಗೆ ಹತ್ತಾರು ಹೆಸರು. ರನ್ನನ ಗದಾಯುದ್ಧದಲ್ಲಿ ದುರ್ಯೋಧನ ಸರೋವರದಲ್ಲಿ ಅಡಗಿದ್ದಾನೆ, ದಡದಲ್ಲಿ ಭೀಮ ಗರ್ಜಿಸುತ್ತಾನೆ. ಆಗ ಬರುವ ಸಾಲು: 'ನೀರೊಳಗಿರ್ದುಂ ಬೆಮರ್ತನುರಗಪತಾಕಂ'. ನೀರೊಳಗಿದ್ದೂ ಬೆವರಿದ, ಹಾವಿನ ಬಾವುಟದವನು.

ದುರ್ಯೋಧನ ಅನ್ನಬಹುದಿತ್ತು, ಕೌರವ ಅನ್ನಬಹುದಿತ್ತು. ನೀರೊಳಗೆ ಅಡಗಿದವನಿಗೆ ಹಾವಿನ ಹೆಸರು ಕೊಟ್ಟದ್ದರಿಂದ ಚಿತ್ರವೇ ಬೇರೆಯಾಯಿತು. ಸದ್ದು ಕೇಳಿ ಬಿಲದೊಳಗೆ ಹೆಡೆ ಎತ್ತಿದ ಹಾವು. ಬೆವರಿದ್ದು ಭಯಕ್ಕಲ್ಲವೇ ಅಂತ ಕೇಳಬಹುದು. ಅದಕ್ಕೂ ಪದ್ಯದಲ್ಲೇ ಉತ್ತರ ಇದೆ, ಅದೇ ಪದ್ಯ ಅವನನ್ನು 'ಕೋಪಾರುಣನೇತ್ರಂ' ಅಂದಿದೆ. ಕಣ್ಣು ಕೆಂಪಾಗಿದೆ, ಬೆವರು ಸಿಟ್ಟಿನದು.

ಆರನೇ ಹೆಜ್ಜೆ: ಅದು ಯಾವ ಊರಿನ ಪದ?

ನಾನು ಮೈಸೂರು ಕಡೆಯವಳು. ಈ ಜನಪದ ತ್ರಿಪದಿ ಮೊದಲ ಸಲ ಕೇಳಿದಾಗ ಕಣ್ಣಲ್ಲಿ ನೀರೇ ಬಂದಿತ್ತು.

ಆಡಿ ಬಾ ನನ ಕಂದ ಅಂಗಾಲ ತೊಳೆದೇನ
ತೆಂಗಿನ ಕಾಯಿ ತಿಳಿನೀರ ತಕ್ಕೊಂಡು
ಬಂಗಾರ ಮಾರಿ ತೊಳೆದೇನ.

ಅಯ್ಯೋ, ಮಗುವಿನ ಕಾಲು ತೊಳೆಯಲು ಈ ತಾಯಿ ಮೈಮೇಲಿನ ಬಂಗಾರ ಮಾರಿ ಎಳನೀರು ತಂದಳಲ್ಲ! ಒಳ ಅರ್ಥ ಸಿಕ್ಕೇಬಿಟ್ಟಿತು ಅಂದುಕೊಂಡೆ. ಧಾರವಾಡದ ಗೆಳತಿಗೆ ಹೇಳಿದರೆ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಏ ಹುಚ್ಚಿ, ಮಾರಿ ಅಂದ್ರ ಮುಖಾ. ಬಂಗಾರದಂಥಾ ಮುಖಾ ತೊಳೀತೀನಿ ಅಂತ ಅರ್ಥ." ನನ್ನ ಕಣ್ಣೀರು ವ್ಯರ್ಥ.

ನಾಚಿಕೆಯಾದರೂ ನಿಜವಾದ ಕುಸುರಿ ಆಮೇಲೆ ಕಂಡಿತು. 'ಕಾಲ ತೊಳೆದೇನ' ಅಲ್ಲ, 'ಅಂಗಾಲ ತೊಳೆದೇನ'. ಬರಿಗಾಲಲ್ಲಿ ಮಣ್ಣಿನಲ್ಲಿ ಆಡಿ ಬಂದ ಮಗುವಿನ ಅಂಗಾಲೇ ತಾನೇ ಕೊಳೆಯಾಗುವುದು? ಅದನ್ನು ತೊಳೆಯಲು ತಾಯಿ ಮಗುವಿನ ಪಾದವನ್ನು ಕೈಯಲ್ಲಿ ಎತ್ತಿ ಹಿಡಿಯಲೇಬೇಕು. ಕೊಳೆಯಾದ ಅಂಗಾಲಿಂದ ಹಿಡಿದು ಬಂಗಾರದ ಮುಖದವರೆಗೆ ಮೂರೇ ಸಾಲಲ್ಲಿ ಅವಳ ಕೈ ಮಗುವಿನ ಮೈಯನ್ನೆಲ್ಲ ಸವರಿ ಬಂತು.

ಊರಿನ ಹಾಗೆಯೇ ಕಾಲವೂ ಪದವನ್ನು ತಿರುಗಿಸುತ್ತದೆ. ಪಂಪನ ಪದ್ಯದಲ್ಲಿ ಗಾಳಿ 'ಸೋಂಕಿದೊಡಂ' ಅಂತಿದೆ. ಕೊರೊನಾ ನೋಡಿದ ನಮಗೆ ಸೋಂಕು ಅಂದರೆ ರೋಗ. ಅವನಿಗೆ ಸೋಂಕುವುದು ಅಂದರೆ ಮೆಲ್ಲಗೆ ತಾಗುವುದು, ಅಷ್ಟೇ.

ಇಂಥ ಕಡೆ ನಿಘಂಟು ಬೇಕು. ಕಿಟ್ಟೆಲ್ ಅವರ 1894ರ ನಿಘಂಟು ಈಗಲೂ ಕೆಲಸಕ್ಕೆ ಬರುತ್ತದೆ. ಕನ್ನಡ ಸಾಹಿತ್ಯ ಪರಿಷತ್ತಿನ ದೊಡ್ಡ ನಿಘಂಟು ಇನ್ನೂ ಒಳ್ಳೆಯದು, ಪದಕ್ಕೆ ಅರ್ಥ ಕೊಡುವುದಲ್ಲದೆ ಯಾವ ಕಾವ್ಯದಲ್ಲಿ ಹೇಗೆ ಬಂದಿದೆ ಅಂತ ಸಾಲನ್ನೂ ಕೊಡುತ್ತದೆ. ವಚನಗಳಿಗಾದರೆ 'ವಚನ ಸಂಚಯ' ಅನ್ನುವ ಜಾಲತಾಣ ಇದೆ. ಒಂದು ಪದ ಕೊಟ್ಟರೆ ಅದು ಬರುವ ವಚನಗಳನ್ನೆಲ್ಲ ಹುಡುಕಿ ತೋರಿಸುತ್ತದೆ. ಅಕ್ಕ 'ನಾಚು' ಅನ್ನುವುದನ್ನು ಬೇರೆಲ್ಲಿ ಬಳಸಿದ್ದಾಳೆ ಅಂತ ಹುಡುಕಿ. ಮಾನ ಮುಚ್ಚುವ ಬಟ್ಟೆ ಸಡಿಲವಾದರೆ ಗಂಡು ಹೆಣ್ಣು ನಾಚುತ್ತಾರೆ, ಜಗತ್ತೆಲ್ಲ ದೇವರ ಕಣ್ಣಾಗಿರುವಾಗ ಮುಚ್ಚಿಡುವ ಜಾಗ ಎಲ್ಲಿದೆ ಅಂತ ಕೇಳುವ ವಚನ ಸಿಗುತ್ತದೆ. ಸಂತೆಯ ನಾಚಿಕೆಯ ಬಗ್ಗೆ ಮಾಡಿದ ಊಹೆಗೆ ಇದಕ್ಕಿಂತ ಸಾಕ್ಷಿ ಬೇಕೇ?

ಏಳನೇ ಹೆಜ್ಜೆ: ಪದವನ್ನು ಒಡೆದು ಕೇಳಿ

ಕನ್ನಡದಲ್ಲಿ ಪದಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆ ಅಂಟಿನಲ್ಲಿ ಆಟ ಆಡುವ ಕವಿಗಳಿದ್ದಾರೆ. ಪುರಂದರದಾಸರ 'ರಾಗಿ ತಂದೀರ್ಯಾ ಭಿಕ್ಷಕೆ ರಾಗಿ ತಂದೀರ್ಯಾ' ಗೊತ್ತಲ್ಲ. ಮುಂದಿನ ಸಾಲು 'ಯೋಗ್ಯರಾಗಿ ಭೋಗ್ಯರಾಗಿ ಭಾಗ್ಯವಂತರಾಗಿ ನೀವು'. ಮನೆ ಬಾಗಿಲಲ್ಲಿ ನಿಂತು ರಾಗಿ ಬೇಡುತ್ತಿದ್ದಾರೆ ಅಂದುಕೊಂಡರೆ, ಯೋಗ್ಯ-ರಾಗಿ, ಭಾಗ್ಯವಂತ-ರಾಗಿ! ಬೇಡಿದ್ದು ಧಾನ್ಯವಲ್ಲ, ನೀವು ಏನಾಗಿದ್ದೀರಿ ಅನ್ನುವುದನ್ನು. ಅಕ್ಕಿ, ಜೋಳ ಅಂದಿದ್ದರೆ ಈ ಆಟ ನಡೆಯುತ್ತಿರಲಿಲ್ಲ. ಆದರೆ ಎಲ್ಲ ಕವಿತೆಯಲ್ಲೂ ಇಂಥದ್ದು ಹುಡುಕಲು ಹೋಗಬೇಡಿ, ಹುಚ್ಚು ಹಿಡಿಯುತ್ತದೆ.

ಈಗ ನೀವೇ ಮಾಡಿ ನೋಡಿ

ರಾಗಿ ಬೀಸುತ್ತಾ ಹೆಂಗಸರು ಹಾಡುವ ತ್ರಿಪದಿ ಇದು.

ಬೆಳಗಾಗಿ ನಾನೆದ್ದು ಯಾರ್ಯಾರ ನೆನೆಯಾಲಿ
ಎಳ್ಳು ಜೀರಿಗೆ ಬೆಳೆಯೋಳ ಭೂಮಿತಾಯ
ಎದ್ದೊಂದು ಗಳಿಗೆ ನೆನೆದೇನ.

ಹಾಳೆಯ ಮೇಲೆ ಬರೆದುಕೊಳ್ಳಿ. ಎರಡು ಸುಳಿವು ಕೊಡುತ್ತೇನೆ. ಕೈಯಲ್ಲಿ ಬೀಸುತ್ತಿರುವುದು ರಾಗಿ, ಊಟಕ್ಕೆ ಬೇಕಾಗಿರುವುದೂ ರಾಗಿ. ಆದರೂ ಭೂಮಿತಾಯಿ ಇಲ್ಲಿ ಎಳ್ಳು, ಜೀರಿಗೆ ಬೆಳೆಯುತ್ತಾಳೆ. ಆ ಕಾಳುಗಳನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡಿ, ಎಷ್ಟು ದೊಡ್ಡವು? ಇನ್ನೊಂದು, 'ಗಳಿಗೆ'. ಗಳಿಗೆ ಅಂದರೆ 24 ನಿಮಿಷ. ದಿನವೆಲ್ಲ ನೆನೆಯುತ್ತೇನೆ ಅನ್ನಬಹುದಿತ್ತು, ಅನ್ನಲಿಲ್ಲ. ಆ ಗಳಿಗೆ ಮುಗಿದ ಮೇಲೆ ಅವಳಿಗೆ ಏನು ಕೆಲಸ ಕಾದಿತ್ತು?